ಹುಷಾರಾಗಿರೋವಾಗ್ಲೇ ಹೆಸ್ರು ಬರೆಸ್ಬಿಡು

ನಿನ್ನ ಮೆಸೇಜ್ ಮೊನ್ನೆನೇ ನೋಡ್ದೆ ಕಣಮ್ಮ, ನಿಂತ್ಕೊಂಡು ಎರಡು ಸಾಲಲ್ಲಿ ಹೇಳೋ ವಿಷ್ಯ ಅಲ್ಲ ಅಂತ ಇವತ್ತಿಗೆ ಇಟ್ಕೊಂಡೆ. ಮುಂದಿನ ತಿಂಗ್ಳು ಮಗು ಕರ್ಕೊಂಡು ಇಂಗ್ಲೆಂಡಿಗೆ ಹೊರಟಿದೀವಿ, ಅಲ್ಲಿ ಡಾಕ್ಟ್ರು ಸಿಗೋದೇ ಕಷ್ಟ ಅಂತ ಎಲ್ರೂ ಹೆದರಿಸ್ತಾರೆ, ಕೊರೋನ ಟೈಮಲ್ಲಿ ನೀವು ಅಲ್ಲೇ ಇದ್ರಲ್ಲ ಅಕ್ಕ ಹೇಗೆ ನಿಭಾಯಿಸಿದ್ರಿ ಅಂತ ಕೇಳಿದೀಯ. ನಾನೀಗ ರಜಕ್ಕೆ ಬಂದು ಹನುಮಂತನಗರದ ಮನೆಲೇ ಇದೀನಿ, ಅಮ್ಮ ಒಳಗೆ ಮಲ್ಗಿದಾಳೆ, ಹಾಲಲ್ಲಿ ಕೂತು ಟೈಪ್ ಮಾಡ್ತಿದೀನಿ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಇಳಿದ ಮೊದಲ್ನೇ ವಾರದಲ್ಲೇ, ಸಿಮ್ಮು ಬ್ಯಾಂಕು ಅಂತ ಓಡಾಡೋ ಜೊತೆಗೇ, ಮನೆ ಹತ್ರದ ಜಿಪಿ ಸರ್ಜರಿಲಿ ಮೂರೂ ಜನದ ಹೆಸ್ರು ಬರೆಸ್ಬಿಡು. ಜಿಪಿ ಅಂದ್ರೆ ಅಲ್ಲಿನ ಫ್ಯಾಮಿಲಿ ಡಾಕ್ಟ್ರು, ಸರ್ಜರಿ ಅಂದ್ರೆ ಆಪರೇಷನ್ ಅಲ್ಲ, ಅಲ್ಲಿ ಕ್ಲಿನಿಕ್ಕಿಗೇ ಹಾಗಂತಾರೆ. ಅದಕ್ಕೆ ದುಡ್ಡಿಲ್ಲ, ಅಡ್ರೆಸ್ ಪ್ರೂಫ್ ಇಲ್ಲ ಅಂತ ವಾಪಸ್ ಕಳ್ಸೋ ಹಾಗೂ ಇಲ್ಲ. ಜ್ವರ ಬಂದ್ಮೇಲೆ ಹೋಗಿ ಬರೆಸೋಣ ಅಂದ್ಕೋಬೇಡ, ನಾವು ಅದೇ ತಪ್ಪು ಮಾಡಿ ಪಟ್ಟ ಪಾಡು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾವು 2019ರ ಕೊನೆಲಿ ಲೆಸ್ಟರಿಗೆ ಮನೆ ಬದಲಾಯಿಸಿದ್ವಿ, ನಾನು ನನ್ನದು ಮಗಂದು ಬರೆಸ್ದೆ, ನಮ್ಮನೆಯವ್ರು ನನಗೇನಾಗಿದೆ ಅಂತ ಬಿಟ್ಬಿಟ್ರು, ಅವರ ಹೆಸ್ರು ಹಳೇ ಊರಲ್ಲೇ ಉಳೀತು. 2020ರ ಜೂನ್ ಕೊನೆಲಿ ಇಡೀ ದೇಶದಲ್ಲಿ ಮೊದಲ್ನೇ ಲೋಕಲ್ ಲಾಕ್‌ಡೌನ್ ಆಗಿದ್ದೂ ನಮ್ಮೂರಲ್ಲೇ, ಆದ್ರೂ ಆಗ ನಮಗೇನೂ ಆಗ್ಲಿಲ್ಲ. ಆಗಿದ್ದು 2021ರ ಜನವರಿಲಿ. ನಮ್ಮನೆಯವ್ರಿಗೆ ಕೆಮ್ಮು ಶುರುವಾಗಿ ಎಂಟನೇ ದಿನ, ಬಾತ್‌ರೂಮಿಂದ ಮಂಚಕ್ಕೆ ಬರೋಷ್ಟ್ರಲ್ಲಿ ಏದುಸಿರು. ಅಲ್ಲಿ ಅಂಥವರಿಗೆ ಜಿಪಿ ಕಡೆಯಿಂದ ರಕ್ತದ ಆಕ್ಸಿಜನ್ ಅಳೆಯೋ ಆಕ್ಸಿಮೀಟರ್ ಮನೆಗೇ ಕೊಡ್ತಿದ್ರು, ಓದಿ ದಿನಾ ಬರೆದಿಡಿ, 92 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ತಕ್ಷಣ ಆಸ್ಪತ್ರೆ ಅಂತ. ಇವರ ಹೆಸ್ರೇ ಈ ಊರಲ್ಲಿ ಇಲ್ಲ ಅಂದ್ಮೇಲೆ ಯಾರು ಕೊಡ್ತಾರೆ? 111 ಅಂತ ಅಲ್ಲಿನ ಆರೋಗ್ಯ ಸಹಾಯವಾಣಿ ಇದೆ, ಅದಕ್ಕೆ ಫೋನ್ ಹಚ್ಚಿ ಕೂತೆ. ತುಂಬಾ ಹೊತ್ತಾದ್ಮೇಲೆ ಸಿಕ್ಕಿದ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ, ಒಂದೇ ಉಸಿರಲ್ಲಿ ಒಂದು ವಾಕ್ಯ ಪೂರ್ತಿ ಹೇಳ್ತಾರಾ ಅಂತ. ನಾನು ಫೋನ್ ಇವರ ಬಾಯಿ ಹತ್ರ ಹಿಡ್ದೆ, ನಾಲ್ಕನೇ ಪದಕ್ಕೆ ನಿಂತೋಯ್ತು. ಆಂಬುಲೆನ್ಸ್ ಅವರೇ ಕಳ್ಸಿದ್ರು.

ಬಂದವರು ಬೆರಳಿಗೆ ಕ್ಲಿಪ್ ಹಾಕಿದ್ರು, 89. ನೀವು ಬರೋ ಹಾಗಿಲ್ಲ ಅಂದ್ರು, ಇವರು ಚಪ್ಪಲಿಲೇ ಹತ್ತಿದ್ರು, ಫೋನ್ ಚಾರ್ಜರ್ ಇಲ್ಲೇ ಉಳೀತು. ನಾನು ಆರು ವರ್ಷದ ಮಗನ ಕೈ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ದೆ. ಬೆಂಗ್ಳೂರಲ್ಲಿ ಆಗಿದ್ರೆ ಪಕ್ಕದ್ಮನೆಯವ್ರು ಎದುರುಮನೆಯವ್ರು ಅಂತ ಹತ್ತು ಜನ ಸೇರ್ತಿದ್ರು, ಅಲ್ಲಿ ಎದುರುಮನೆ ಪರದೆ ಸ್ವಲ್ಪ ಅಲ್ಲಾಡಿತು ಅಷ್ಟೆ. ಆ ರಾತ್ರಿ ಹನ್ನೊಂದಕ್ಕೆ ವಾರ್ಡಿಂದ ಫೋನ್ ಬಂತು, ನನ್ನ ಎದೆ ಧಸಕ್ಕಂತು. ಆ ಕಡೆಯಿಂದ ಮಲಯಾಳಿ ಉಚ್ಚಾರದ ಕನ್ನಡ. 'ಅಕ್ಕಾ ಗಾಬರಿ ಆಗ್ಬೇಡಿ, ನಾನು ನರ್ಸಿಂಗ್ ಓದಿದ್ದು ಬೆಂಗ್ಳೂರಲ್ಲೇ, ಸರ್ ಸ್ವಲ್ಪ ಸೂಪ್ ಕುಡಿದ್ರು, ಈಗ ಮಲ್ಗಿದಾರೆ.' ನಾನು ಮಾತೇ ಆಡಕ್ಕಾಗ್ದೆ ಅತ್ತುಬಿಟ್ಟೆ, ಆ ಹುಡುಗಿ ನಾನು ಸುಧಾರಿಸ್ಕೊಳೋವರೆಗೂ ಫೋನ್ ಇಡ್ಲಿಲ್ಲ. ಐದು ರಾತ್ರಿನೂ ಅದೇ ಹೊತ್ತಿಗೆ ಫೋನ್ ಮಾಡಿದ್ಳು. ಅವಳ ಮುಖ ನಾನು ಇವತ್ತಿನವರೆಗೂ ನೋಡಿಲ್ಲ.

ಅಲ್ಲಿ ಕೊಟ್ಟಿದ್ದು ಆಕ್ಸಿಜನ್ನು, ಡೆಕ್ಸಾಮೆಥಸೋನ್ ಅನ್ನೋ ಹಳೇ ಅಗ್ಗದ ಸ್ಟೀರಾಯ್ಡು. ಆಕ್ಸಿಜನ್ ಬೇಕಾಗೋ ರೋಗಿಗಳಿಗೆ ಅದು ಜೀವ ಉಳ್ಸುತ್ತೆ ಅಂತ 2020ರ ಜೂನಲ್ಲಿ ಬ್ರಿಟನ್ನಲ್ಲೇ ನಡೆದ ಟ್ರಯಲ್ಲಿಂದ ಗೊತ್ತಾಗಿತ್ತು. ಮನೆಗೆ ಕಳಿಸೋವಾಗ ಬಿಲ್ ಎಲ್ಲಿ ಕಟ್ಬೇಕು ಅಂತ ಇವರು ಕೇಳಿದ್ರಂತೆ, ಬಿಲ್ಲೇ ಇಲ್ಲ. ಧರ್ಮಕ್ಕೆ ಕೊಡ್ತಾರೆ ಅಂತ ನೀನು ಸಂಕೋಚ ಪಡ್ಬೇಡ, ವೀಸಾ ಜೊತೆಗೇ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡು, ಮಗುಗೆ 776 ಅಂತ ಹೆಲ್ತ್ ಸರ್‌ಚಾರ್ಜ್ ಕಟ್ಟಿರ್ತೀಯಲ್ಲ, ಅದು ಇದಕ್ಕೇ.

ಲಸಿಕೆ ಕೇಳಿದ್ಯಲ್ಲ. ಅಲ್ಲಿ ಮೊದಲ್ನೇ ಡೋಸ್ 2020ರ ಡಿಸೆಂಬರ್ 8ಕ್ಕೆ ನಮ್ಮೂರಿಗೆ ಹತ್ರ ಇರೋ ಕೊವೆಂಟ್ರಿಲಿ 90 ವರ್ಷದ ಅಜ್ಜಿಗೆ ಹಾಕಿದ್ರು, ಆಮೇಲೆ ವಯಸ್ಸಿನ ಪ್ರಕಾರ ಮೇಲಿಂದ ಕೆಳಕ್ಕೆ ಬಂತು, ಯಾರ ಇನ್‌ಫ್ಲುಯೆನ್ಸೂ ನಡೀಲಿಲ್ಲ, ಅದು ನನಗೆ ನಿಜಕ್ಕೂ ಇಷ್ಟ ಆಯ್ತು. ನನಗಾಗ 41, ನಲ್ವತ್ತು ದಾಟಿದವರಿಗೆ ಬಾಗ್ಲು ತೆಗೆದಿದ್ದು ಏಪ್ರಿಲ್ ಕೊನೆಗೆ. ಆದ್ರೆ ನನಗಿಂತ ಮುಂಚೆ ಅಮ್ಮಂಗೇ ಆಗಿತ್ತು. ಮಾರ್ಚ್ 1ಕ್ಕೆ ಇಲ್ಲಿ 60 ದಾಟಿದವರಿಗೆ ಶುರುವಾಯ್ತು, ಕೋವಿನ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ನಾನು ಲೆಸ್ಟರಲ್ಲಿ ಕೂತು ಬುಕ್ ಮಾಡೋದು, ಓಟಿಪಿ ಅಮ್ಮನ ಫೋನಿಗೆ ಬರೋದು, ಅವಳು ಕನ್ನಡಕ ಹುಡುಕಿ ಓದಿ ಹೇಳೋಷ್ಟ್ರಲ್ಲಿ ಟೈಮ್ ಮುಗಿಯೋದು. ಕೊನೆಗೆ ಮೇಲ್ಮನೆ ಹುಡುಗ ಪಕ್ಕ ಕೂತು ಓದಿ ಹೇಳ್ದ, ಅವನೇ ಸ್ಕೂಟರಲ್ಲಿ ಕರ್ಕೊಂಡ್ಹೋದ, ಪ್ರೈವೇಟ್ ಆಸ್ಪತ್ರೆಲಿ 250 ರೂಪಾಯಿ.

ಎರಡನೇ ಡೋಸ್ ಹೊತ್ತಿಗೆ ಎರಡನೇ ಅಲೆ ಹೊಡೀತು. ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ, ಎಲ್ಲಿ ಕೇಳಿದ್ರೂ ಸ್ಟಾಕ್ ಇಲ್ಲ, ಬೆಳಗಿನ ಜಾವಕ್ಕೇ ಟೋಕನ್ನಿಗೆ ಕ್ಯೂ. ಮೇ ಮಧ್ಯದಲ್ಲಿ ಕೋವಿಶೀಲ್ಡ್ ಅಂತರನ 12ರಿಂದ 16 ವಾರ ಅಂತ ಮಾಡಿದ್ರು, ಅಮ್ಮಂಗೆ ಸಿಕ್ಕಿದ್ದು ಜೂನಲ್ಲಿ. ಅದೇ ಮೇ ತಿಂಗಳಲ್ಲೇ ನಮ್ಮ ಸೋದರಮಾವ ಹೋಗ್ಬಿಟ್ರು. ಸ್ವಾಬ್ ರಿಪೋರ್ಟ್ ಬರೋದು ತಡ ಆಯ್ತು, ರಿಪೋರ್ಟ್ ಇಲ್ದೆ ಬಿಯು ನಂಬರ್, ಅಂದ್ರೆ ಬೆಂಗ್ಳೂರಲ್ಲಿ ಕೊರೋನ ರೋಗಿಗೆ ಕೊಡ್ತಿದ್ದ ಐಡಿ ನಂಬರ್ ಇಲ್ಲ, ಬಿಯು ನಂಬರ್ ಇಲ್ದೆ ಸರ್ಕಾರಿ ಕೋಟಾ ಬೆಡ್ ಇಲ್ಲ. ನಾನು ಅಲ್ಲಿಂದ ರಾತ್ರಿಯಿಡೀ ವಾಟ್ಸ್ಯಾಪಲ್ಲಿ ಬಂದ ನಂಬರಿಗೆಲ್ಲ ಫೋನ್ ಮಾಡ್ತಿದ್ದೆ, ಅರ್ಧ ಸ್ವಿಚ್ ಆಫ್, ಅರ್ಧ ಬ್ಯುಸಿ. ಬೆಡ್ ಸಿಕ್ಕಿತು ಅಂತ ಮಾವನ ಮಗ ಹೇಳೋ ಹೊತ್ತಿಗೆ ತಡ ಆಗಿತ್ತು. ಬರೋಣ ಅಂದ್ರೆ ಭಾರತ ಏಪ್ರಿಲ್ 23ಕ್ಕೇ ಬ್ರಿಟನ್ನಿನ ರೆಡ್ ಲಿಸ್ಟಿಗೆ ಸೇರಿತ್ತು, ವಾಪಸ್ ಹೋದ್ರೆ 10 ದಿನ ಹೋಟೆಲ್ ಕ್ವಾರಂಟೈನು, ಒಬ್ರಿಗೆ 1,750 ಪೌಂಡು, ಮನೇಲಿ ಇವರಿನ್ನೂ ಮೆಟ್ಲು ಹತ್ತಕ್ಕೆ ಕಷ್ಟ ಪಡ್ತಿದ್ರು. ಬರ್ಲಿಲ್ಲ ನಾನು. ಅತ್ತೆ ಎದುರಿಗೆ ಕೂತು ಮಾತಾಡೋಕೆ ಈಗ್ಲೂ ಗಂಟಲು ಕಟ್ಟುತ್ತೆ.

ಆ ವಾರದಲ್ಲೇ ನನ್ನ ಸರದಿ ಬಂದಿದ್ದು. ಒಂದು ಕಮ್ಯುನಿಟಿ ಹಾಲು, ದೂರ ದೂರ ಕುರ್ಚಿ, ವಯಸ್ಸಾದ ಗುಜರಾತಿ ವಾಲಂಟಿಯರ್ ಒಬ್ಬರು ಪ್ರತಿ ಕುರ್ಚಿನೂ ಒರೆಸ್ತಾ ಓಡಾಡ್ತಿದ್ರು. ಕೈಗೆ ಸಣ್ಣ ಕಾರ್ಡ್ ಕೊಟ್ರು, ಆಸ್ಟ್ರಾಜೆನೆಕಾ, ಬ್ಯಾಚ್ ನಂಬರು. ಪುಣೆಲಿ ತಯಾರಾಗಿ ಕೋವಿಶೀಲ್ಡ್ ಅಂತ ಹೆಸ್ರು ಪಡ್ಕೊಂಡು ಅಮ್ಮನ ತೋಳಿಗೆ ಹೋಗಿದ್ದೂ ಇದೇ. ಹೊರಗೆ ಬಂದು ಫೋನ್ ಮಾಡಿ ಅಮ್ಮ ನಿಂಗೆ ಹಾಕಿದ್ದೇ ನಂಗೂ ಹಾಕಿದ್ರು ಅಂದೆ, ಹಾಗಾದ್ರೆ ರಾತ್ರಿ ಜ್ವರ ಬರುತ್ತೆ, ಗಂಜಿ ಮಾಡಿಟ್ಕೋ ಅಂದ್ಳು. ಬಂತು ಕೂಡ. ಅದೇ ಲಸಿಕೆ ಆಗಿದ್ರೂ ಅಮ್ಮನ ಸರ್ಟಿಫಿಕೇಟ್ ಅಲ್ಲಿ ನಡೀತಿರಲಿಲ್ಲ, ಒಪ್ಕೊಂಡಿದ್ದು 2021ರ ಅಕ್ಟೋಬರ್ 11ರಿಂದ. ಅಮ್ಮ ನಮ್ಮಲ್ಲಿಗೆ ಬಂದಿದ್ದು ಅದರ ಮುಂದಿನ ಬೇಸಿಗೆಲಿ.

ಇನ್ನು ದಿನನಿತ್ಯದ್ದು. ಜಿಪಿ ಅಪಾಯಿಂಟ್‌ಮೆಂಟಿಗೆ ಎಷ್ಟೋ ಕಡೆ ಬೆಳಗ್ಗೆ ಸರಿಯಾಗಿ ಎಂಟಕ್ಕೆ ಫೋನ್ ಹಚ್ಬೇಕು, ಎಂಟೂ ಕಾಲಿಗೆ ಹಚ್ಚಿದ್ರೆ ಇವತ್ತಿಂದು ಮುಗೀತು ಅಂತಾರೆ. ಮಗುಗೆ ಜ್ವರ ಅಂದ್ರೆ ಪ್ಯಾರಾಸಿಟಮಾಲ್ ಕೊಡಿ ಅನ್ನೋದೇ ಹೆಚ್ಚು, ಅದು ಉದಾಸೀನ ಅಲ್ಲ, ಬೇಡದ ಆಂಟಿಬಯಾಟಿಕ್ ಕೊಡಲ್ಲ ಅಷ್ಟೆ, ಇಲ್ಲಿನ ಹಾಗೆ ಮೆಡಿಕಲ್ ಶಾಪಲ್ಲಿ ಸುಮ್ನೆ ಕೇಳಿದ್ರೆ ಅಲ್ಲಿ ಸಿಗಲ್ಲ. ಆದ್ರೆ ಮಗು ಮಂಕಾಗಿದೆ, ಹಾಲು ಕುಡೀತಿಲ್ಲ, ಉಚ್ಚೆ ಹೋಗಿಲ್ಲ ಅಂದ್ರೆ ಹಾಗೇ ಬಿಡಿಸಿ ಹೇಳು, ಆಗ ಅವರು ಬೇಗ ನೋಡ್ತಾರೆ. ಸ್ವಲ್ಪ ಹುಷಾರಿಲ್ಲ ಅಂತ ನಮ್ಮ ಹಾಗೆ ಮರ್ಯಾದೆಗೆ ಮಾತಾಡಿದ್ರೆ ಸ್ವಲ್ಪ ಅಂತಲೇ ಬರ್ಕೊಳ್ತಾರೆ. ಎಮರ್ಜೆನ್ಸಿಲಿ ಗಂಟೆಗಟ್ಲೆ ಕಾಯ್ಬೇಕಾಗುತ್ತೆ, ಯಾರು ಮೊದ್ಲು ಬಂದ್ರು ಅನ್ನೋದಲ್ಲ ಯಾರಿಗೆ ಜಾಸ್ತಿ ಸೀರಿಯಸ್ ಅನ್ನೋದು ಲೆಕ್ಕ.

ಮಗು ಲಸಿಕೆ ಎಲ್ಲ ಬರೆದಿರೋ ತಾಯಿ ಕಾರ್ಡ್ ಮಾತ್ರ ಮರೀಬೇಡ, ಹ್ಯಾಂಡ್ ಲಗೇಜಲ್ಲೇ ಇಟ್ಕೋ. ಜಿಪಿ ನರ್ಸ್ ಅದನ್ನ ನೋಡಿ ಕಂಪ್ಯೂಟರಿಗೆ ಏರಿಸ್ತಾರೆ, ಬಾಕಿ ಇದ್ದಿದ್ದು ಫ್ರೀಯಾಗಿ ಹಾಕ್ತಾರೆ. ಇಲ್ಲಿ 9 ತಿಂಗಳಿಗೆ ಹಾಕಿಸಿದ ದಡಾರದ ಚುಚ್ಚುಮದ್ದನ್ನ ಅಲ್ಲಿ ಲೆಕ್ಕಕ್ಕೆ ತಗೊಳಲ್ಲ, ವರ್ಷ ತುಂಬೋ ಮುಂಚಿನದ್ದು ಅಂತ, ಮತ್ತೆ ಹಾಕಿದ್ರೆ ಗಾಬರಿ ಬೀಳ್ಬೇಡ.

ನಿಮ್ಮ ಅಪ್ಪ ಅಮ್ಮಂಗೂ ಹೋಗೋ ಮುಂಚೆನೇ ವ್ಯವಸ್ಥೆ ಮಾಡು. ಬಿಪಿ ಶುಗರ್ ಮಾತ್ರೆ ಚೀಟಿಗಳ ಫೋಟೋ, ಇನ್ಶೂರೆನ್ಸ್ ಕಾರ್ಡು, ರೆಗ್ಯುಲರ್ ಡಾಕ್ಟರ ನಂಬರು, ಅರ್ಧ ರಾತ್ರಿಲಿ ಬಾಗ್ಲು ತಟ್ಟಿದ್ರೂ ಎದ್ದು ಬರೋ ಇಬ್ಬರು ಅಕ್ಕಪಕ್ಕದವರ ನಂಬರು, ಅವರ ಹತ್ರ ಒಂದು ಮನೆ ಬೀಗದ ಕೈ. ಹೊರಡೋ ಮುಂಚೆ ಅವರ ಮನೆಗೆ ನೀನೇ ಹೋಗಿ ಕೂತು ಮಾತಾಡಿ ಬಾ, ಫೋನಲ್ಲಿ ಹೇಳ್ಬೇಡ. ನಾನು ಮೇಲ್ಮನೆ ಹುಡುಗನ ಅಮ್ಮನ ಹತ್ರ ಮೊನ್ನೆ ಮತ್ತೆ ಹೋಗಿದ್ದೆ.

ಭಾನುವಾರ ಸಂಜೆ ನಾಲ್ಕರ ಮೇಲೆ ಮನೇಲೇ ಇರ್ತೀನಿ, ಮಗು ಕರ್ಕೊಂಡು ಬಾ, ತಾಯಿ ಕಾರ್ಡೂ ತಗೊಂಡ್ಬಾ, ಯಾವ್ಯಾವುದು ಆಗಿದೆ ಅಂತ ಕೂತು ಇಂಗ್ಲಿಷಲ್ಲಿ ಒಂದು ಹಾಳೆಲಿ ಬರ್ಕೊಡ್ತೀನಿ.