ಟ್ಯಾಂಕಿನ ವಯಸ್ಸು ಬಿಡಿ, ಪೇಂಟ್ ಯಾರು ಹೊಡೆದಿದ್ದು ಅಂತ ಕೇಳಿ

ಕೊಳ್ಳಲು ನೋಡಿಟ್ಟಿರುವ 1998ರ ಅಲ್ಯೂಮಿನಿಯಂ ಸ್ಕೂಬಾ ಟ್ಯಾಂಕ್ (ನೀರೊಳಗೆ ಉಸಿರಾಡಲು ಗಾಳಿ ಒತ್ತಿ ತುಂಬುವ ಸಿಲಿಂಡರ್), ಮೂಡಿಗೆರೆ ಕಡೆ ತೋಟ, ಕೆರೆಗಿಳಿದು ಪಂಪಿನ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಬಿಡಿಸುವ ಆಸೆ, ಟ್ಯಾಂಕ್ ಇನ್ನೆಷ್ಟು ವರ್ಷ ಬಾಳುತ್ತದೆ ಅನ್ನುವ ಅನುಮಾನ. ನಿಮ್ಮ ಪ್ರಶ್ನೆ ಓದಿ ನನಗೆ ನಗು ಬಂತು, ಹೊಟ್ಟೆಯೂ ಚುರ್ ಅಂತು.

ನಮ್ಮದು ಬಾಳೆಹೊನ್ನೂರು ಕಡೆ ಕಾಫಿ ತೋಟ. ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೇ ಸರಿಯಾಗಿ ಫುಟ್‌ವಾಲ್ವ್‌ಗೆ ಕಸ ಕಚ್ಚಿಕೊಳ್ಳುತ್ತದೆ. ನಾನು ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಬಂದಿದ್ದೆ, ಕೋಡು ಮೂಡಿತ್ತು. ಪರಿಚಯದವರೊಬ್ಬರು ಹಳೇ ಟ್ಯಾಂಕ್ ಕೊಟ್ಟರು. ಒಳ್ಳೇ ಟ್ಯಾಂಕೇ. ವಾಲ್ವ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಸ್ವಚ್ಛ, ಕತ್ತಿನ ಥ್ರೆಡ್‌ನಲ್ಲಿ ಒಂದು ಗೀರೂ ಇಲ್ಲ. ಹೊರಗಿನ ಬಣ್ಣ ಮಾತ್ರ ಎದ್ದಿತ್ತು. ಅಷ್ಟಕ್ಕೆ ಸುಮ್ನಿರಬೇಕಿತ್ತು, ಅಲ್ವಾ? ಹಾಸನದಲ್ಲಿ ಕಾರಿನ ಅಲಾಯ್ ವೀಲ್‌ಗೆ ಪೌಡರ್ ಕೋಟಿಂಗ್ ಮಾಡುವ ಅಂಗಡಿಗೆ ಕೊಟ್ಟೆ. ಹಳದಿ ಬಣ್ಣ, ಫಳಫಳ ಅಂತಿತ್ತು.

ಪೌಡರ್ ಕೋಟಿಂಗ್ ಅಂದರೆ ಪುಡಿ ಎರಚಿ ಓವನ್‌ನಲ್ಲಿ ಬೇಯಿಸುವುದು. ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್. ಟ್ಯಾಂಕಿನ ಅಲ್ಯೂಮಿನಿಯಂಗೆ ಗಟ್ಟಿತನ ಬರುವುದು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಅಳತೆಯಾಗಿ ಕಾಯಿಸಿ ಹದ ಮಾಡಿರುವುದರಿಂದ. 177 ಡಿಗ್ರಿ ದಾಟಿತೋ, ಆ ಹದವನ್ನು ನಂಬುವಂತಿಲ್ಲ. ಕಣ್ಣಿಗೆ ಏನೂ ಕಾಣಲ್ಲ. ಬಿರುಕಿಲ್ಲ, ಉಬ್ಬಿಲ್ಲ, ಹೊಸದರ ಥರಾನೇ ಇರುತ್ತದೆ. 200 ಬಾರ್ ಒತ್ತಡ ತಡೆಯಬೇಕಾದ ಗೋಡೆ ಒಳಗೊಳಗೇ ಮೆತ್ತಗಾಗಿರಬಹುದು. ಅಂಗಡಿಯವರನ್ನು ಬೈಯುವ ಹಾಗಿಲ್ಲ, ಇದೇನು ಅಂತ ನಾನು ಹೇಳಿದ್ದರೆ ತಾನೇ? ಡಬ್ಬಿ ಪೇಂಟ್ ತಂದು ಬ್ರಷ್‌ನಲ್ಲಿ ಬಳಿದು ನೆರಳಲ್ಲಿ ಒಣಗಿಸಿದ್ದರೆ ಸಾಕಾಗಿತ್ತು. ಬಣ್ಣ ಎದ್ದ ಹಾಗೇ ಬಿಟ್ಟಿದ್ದರೂ ನಷ್ಟ ಇರಲಿಲ್ಲ.

ಹೈಡ್ರೋ ಟೆಸ್ಟ್‌ಗೆ (ನೀರು ತುಂಬಿ ಒತ್ತಡ ಹಾಕಿ ಟ್ಯಾಂಕ್ ತಡೆಯುತ್ತದಾ ಅಂತ ನೋಡುವ ಪರೀಕ್ಷೆ) ಒಯ್ದೆ. ಅಲ್ಲಿಯವರು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು, ಏಳಲಿಲ್ಲ. ‘ಓವನ್‌ಗೆ ಹಾಕಿಸಿದ್ರಾ?’ ಅಂದರು. ಹೌದು ಅಂದೆ. ಟೆಸ್ಟ್ ಮಾಡುವುದಕ್ಕೂ ಹೋಗಲಿಲ್ಲ, ಟ್ಯಾಂಕ್ ರದ್ದು. ಕೊಯ್ದ ತುಂಡುಗಳು ಗುಜರಿಗೆ ಹೋದವು.

ಅದಕ್ಕೇ ಹೇಳೋದು, ‘ಎಷ್ಟು ವರ್ಷ ಬಾಳುತ್ತದೆ’ ಅಂತ ಕೇಳಿ ಪ್ರಯೋಜನ ಇಲ್ಲ. ಒಳಗೆ ತೇವ ಸೇರದ ಉಕ್ಕಿನ ಟ್ಯಾಂಕ್ ಐವತ್ತು ವರ್ಷ ದಾಟಿದ್ದೂ ಉಂಟು. ಉಪ್ಪುನೀರು ಹೊಕ್ಕಿತೋ, ಬೇಗ ತುಕ್ಕು ಹಿಡಿಯುತ್ತದೆ, ಆ ತುಕ್ಕು ಒಳಗಿರುವ ಗಾಳಿಯ ಆಮ್ಲಜನಕವನ್ನೂ ತಿನ್ನುತ್ತದೆ. ಇಸವಿ ನೋಡಲೇಬೇಕಾದದ್ದು ಒಂದು ವಿಷಯಕ್ಕೆ. 1980ರ ದಶಕದವರೆಗಿನ ಹಲವು ಅಲ್ಯೂಮಿನಿಯಂ ಟ್ಯಾಂಕ್‌ಗಳು 6351 ಅನ್ನುವ ಮಿಶ್ರಲೋಹದವು, ಅವುಗಳ ಕತ್ತಿನಲ್ಲಿ ಬಿರುಕು ಬಿಟ್ಟು ಕೆಲವು ಸಿಡಿದಿವೆ. ಆಮೇಲೆ ಬಳಕೆಗೆ ಬಂದ 6061ಕ್ಕೆ ಆ ಕಾಟ ಇಲ್ಲ. ನಿಮ್ಮದು ಬಹುಮಟ್ಟಿಗೆ ಆ ಭಯದಿಂದ ಪಾರು. ಆದರೂ ಟ್ಯಾಂಕಿನ ಭುಜದ ಮೇಲೆ, ಅಂದರೆ ಕತ್ತಿನ ಕೆಳಗಿನ ಇಳಿಜಾರಿನಲ್ಲಿ, ಕೊರೆದಿರುವ ಅಚ್ಚು ಓದಿ, ಕೊನೆಯ ಹೈಡ್ರೋ ಆಗಿ ಐದು ವರ್ಷ ದಾಟಿದ್ದರೆ ಅದನ್ನು ಮಾಡಿಸದೆ ತುಂಬಿಸಬೇಡಿ. ವಾಲ್ವ್ ಬಿಚ್ಚಿ ತೋರಿಸಲು ಮಾರುವವರು ಹಿಂದೇಟು ಹಾಕಿದರೆ ಎದ್ದು ಬನ್ನಿ.

ನನ್ನ ಕೇಳಿದರೆ ನಿಮಗೆ ಟ್ಯಾಂಕೇ ಬೇಡ. ತುಂಬಿಸುವುದೆಲ್ಲಿ? ಪಂಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್‌ಗೇ ಏದುಸಿರು ಬಿಡುತ್ತದೆ, ಅದರ ಗಾಳಿಯಲ್ಲಿ ಎಣ್ಣೆಯೂ ಇರುತ್ತದೆ. ಪ್ರತಿ ಸಲ ಘಟ್ಟ ಇಳಿಯಬೇಕಾಗುತ್ತದೆ. ಸಾಲದ್ದಕ್ಕೆ ಏನೂ ಕಾಣದ ಕೆಸರು ನೀರಲ್ಲಿ, ಜೊಂಡಿನ ನಡುವೆ ಒಬ್ಬರೇ ಇಳಿಯುವ ಯೋಚನೆ ಬೇರೆ. ಸಕ್ಷನ್‌ಗೆ ಬಗ್ಗುವ ಹೋಸ್ ಹಾಕಿ, ಎರಡು ಖಾಲಿ ಡ್ರಮ್‌ಗೆ ಫುಟ್‌ವಾಲ್ವ್ ಕಟ್ಟಿ ತೇಲಿಬಿಡಿ, ನೀರಿನ ಮಟ್ಟದಿಂದ ಮೂರಡಿ ಕೆಳಗೆ ನೇತಾಡುವ ಹಾಗೆ. ನಾವು ಈಗ ಹಾಗೇ ಮಾಡಿದ್ದೇವೆ. ಕಸ ಸಿಕ್ಕಿದರೆ ಪಂಪ್ ನಿಲ್ಲಿಸಿ, ಹಗ್ಗ ಹಿಡಿದು ದಡಕ್ಕೆ ಎಳೆದುಕೊಂಡು ಬಿಡಿಸುತ್ತೇವೆ.