ಝೀಮ್ಯಾಕ್ಸ್‌ನಲ್ಲಿ ಕೋಟಿಂಗ್, ಸ್ಕ್ಯಾಟರ್ ಎರಡೂ ಹಾಕಿದೆ, ಆದರೂ ಡಿಟೆಕ್ಟರ್‌ನಲ್ಲಿ ಏನೂ ಬದಲಾಗುತ್ತಿಲ್ಲ. ಯಾಕೆ?

ಝೀಮ್ಯಾಕ್ಸ್ ಅಂದರೆ ಲೆನ್ಸ್, ಕನ್ನಡಿಗಳಲ್ಲಿ ಬೆಳಕು ಹೇಗೆ ಸಾಗುತ್ತೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್. ಕೋಟಿಂಗ್ ಅಂದರೆ ಗಾಜಿನ ಮೇಲಿನ ತೆಳು ಪದರ, ಸ್ಕ್ಯಾಟರ್ ಅಂದರೆ ಬೆಳಕು ಚದುರುವುದು. ಮೊದಲು ಸುಲಭದ್ದು ನೋಡಿಬಿಡೋಣ. ನಾನ್-ಸೀಕ್ವೆನ್ಷಿಯಲ್ ರೇ ಟ್ರೇಸ್ (ಕಿರಣ ಯಾವ ಮೈಗೆ ಯಾವ ಕ್ರಮದಲ್ಲಿ ಬೇಕಾದರೂ ತಾಗಬಹುದಾದ ಲೆಕ್ಕ) ಶುರು ಮಾಡುವ ಕಡೆ ಮೂರು ಟಿಕ್ ಬಾಕ್ಸ್ ಇರುತ್ತವೆ: ಯೂಸ್ ಪೋಲರೈಸೇಷನ್, ಸ್ಪ್ಲಿಟ್ ರೇಸ್, ಸ್ಕ್ಯಾಟರ್ ರೇಸ್. ಪೋಲರೈಸೇಷನ್ (ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತೆ ಅನ್ನುವುದು) ಟಿಕ್ ಇಲ್ಲದಿದ್ದರೆ ಕೋಟಿಂಗ್ ಇದ್ದೂ ಇಲ್ಲದ ಹಾಗೆ. ಸ್ಪ್ಲಿಟ್ ಇಲ್ಲದಿದ್ದರೆ ಗಾಜಿನ ಮೈಗೆ ತಾಗಿ ವಾಪಸ್ ಬರಬೇಕಾದ ಕಿರಣ ಹುಟ್ಟುವುದೇ ಇಲ್ಲ. ಮೂರನೆಯದು ನಿಮಗೇ ಗೊತ್ತಾಗುತ್ತೆ. ಹಾಗೇ ಕೋಟಿಂಗ್ ಯಾವ ಫೇಸ್‌ಗೆ ಕೊಟ್ಟಿದ್ದೀರಿ ಅಂತಲೂ ನೋಡಿ. ಲೆನ್ಸಿನ ಮುಂದಿನ ಮೈಗೆ ಹಾಕಿ, ಹಿಂದಿನದನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು.

ಇನ್ನು, ‘ಸಪ್ಲೈಯರ್ ಲೇಯರ್ ವಿವರ ಕೊಡುವುದಿಲ್ಲ, ಸುಮ್ನೆ ಒಂದು ಮೆಗ್ನೀಸಿಯಂ ಫ್ಲೋರೈಡ್ ಪದರ ಹಾಕಿದರೆ ಆಗುತ್ತಾ’ ಅಂತಲೂ ಕೇಳಿದ್ದೀರಿ. ಆಗುತ್ತೆ, ಆದರೆ ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ.

ಲೆನ್ಸಿಗೆ ಸಾಮಾನ್ಯವಾಗಿ ಬಳಸುವ ಬಿಕೆ7 ಗಾಜು, ಕೋಟಿಂಗ್ ಇಲ್ಲದೆ, ಒಂದೊಂದು ಮೈಯಲ್ಲೂ ಶೇ 4.2ರಷ್ಟು ಬೆಳಕನ್ನು ವಾಪಸ್ ಕಳಿಸುತ್ತೆ. 550 ನ್ಯಾನೊಮೀಟರ್‌ಗೆ ಕಾಲು ತರಂಗದ ಮೆಗ್ನೀಸಿಯಂ ಫ್ಲೋರೈಡ್ ಪದರ (ಪದರದೊಳಗೆ ತರಂಗ ಕುಗ್ಗುತ್ತೆ), ಅಂದರೆ ಸುಮಾರು 100 ನ್ಯಾನೊಮೀಟರ್ ದಪ್ಪ ಹಾಕಿದರೆ ಅದು ಶೇ 1.3ಕ್ಕೆ ಇಳಿಯುತ್ತೆ. ನನ್ನ ಡಿಸೈನ್ ಹೀಗೇ ಇತ್ತು. ಆಮೇಲೆ ಬಿಳಿ ದೀಪದ ಬದಲು 850ರ ಎಲ್‌ಇಡಿ ಬಂತು. ಪ್ರೈಮರಿ ವೇವ್‌ಲೆಂತ್ (ಸಾಫ್ಟ್‌ವೇರ್ ಮುಖ್ಯ ಅಂತ ಹಿಡಿಯುವ ತರಂಗಾಂತರ) ಬದಲಾಯಿಸಿದೆ, ಟ್ರೇಸ್ ಓಡಿಸಿದೆ, ಮತ್ತೆ ಅದೇ ಶೇ 1.3. ಖುಷಿಯಾಯಿತು. ಬೆಂಚ್ ಮೇಲೆ ಮಾತ್ರ ಎಲ್‌ಇಡಿ ಬಿಂಬದ ಪಕ್ಕ ಇನ್ನೊಂದು ಮಸುಕು ಚುಕ್ಕೆ, ಲೆಕ್ಕಕ್ಕಿಂತ ಎರಡೂವರೆ ಪಟ್ಟು ಜಾಸ್ತಿ. ಎರಡು ದಿನ ಲೆನ್ಸನ್ನೇ ಬೈದೆ.

ತಪ್ಪು ನನ್ನದೇ. ಕೋಟಿಂಗ್ ಫೈಲಿನಲ್ಲಿ ದಪ್ಪ 0.25 ಅಂತ ಬರೆದಿದ್ದರೆ ಅದು ಪದರದೊಳಗೆ ಅಳೆದ ಪ್ರೈಮರಿ ವೇವ್‌ಲೆಂತ್‌ನ ಕಾಲು ಭಾಗ ಅಂತ ಅರ್ಥ. ನಾನು 850 ಅಂದ ತಕ್ಷಣ ಸಾಫ್ಟ್‌ವೇರ್ ಪದರವನ್ನು ಸದ್ದಿಲ್ಲದೆ 154 ನ್ಯಾನೊಮೀಟರ್ ಮಾಡಿಕೊಂಡಿತ್ತು. ಕೈಯಲ್ಲಿದ್ದ ಲೆನ್ಸಿನದು ಮಾತ್ರ ಅದೇ 100. ಅದು 850ರಲ್ಲಿ ಶೇ 2.1 ವಾಪಸ್ ಕಳಿಸುತ್ತೆ. ಘೋಸ್ಟ್ ಅಂದರೆ ಎರಡು ಸಲ ಪುಟಿದ ಬೆಳಕು ಅಲ್ವಾ, ಹಾಗಾಗಿ ಅದು 2.1 ಮತ್ತು 1.3ರ ಅನುಪಾತದ ವರ್ಗದಷ್ಟು ಜಾಸ್ತಿಯಾಗುತ್ತೆ. ಈಗ ದಪ್ಪವನ್ನು ಮೈಕ್ರಾನ್‌ನಲ್ಲೇ 0.0996 ಅಂತ ಬರೆದು, ಪಕ್ಕದಲ್ಲಿ ಆ್ಯಬ್ಸಲ್ಯೂಟ್ ಅನ್ನುವುದಕ್ಕೆ 1 ಹಾಕುತ್ತೇನೆ.

ಅದಕ್ಕಿಂತ ಒಳ್ಳೆಯದು ಸಪ್ಲೈಯರ್ ಹತ್ತಿರ ಟೇಬಲ್ ಕೇಳುವುದು. ಪದರಗಳ ಗುಟ್ಟು ಬಿಡದವರೂ ಯಾವ ಕೋನದಲ್ಲಿ, ಯಾವ ತರಂಗಾಂತರದಲ್ಲಿ ಎಸ್ ಮತ್ತು ಪಿ (ಬೆಳಕಿನ ಎರಡು ಪೋಲರೈಸೇಷನ್‌ಗಳು) ಎಷ್ಟು ಪ್ರತಿಫಲಿಸುತ್ತೆ, ಎಷ್ಟು ದಾಟುತ್ತೆ ಅನ್ನುವುದನ್ನು ಕೊಡಬಹುದು. ಅದನ್ನು ಟೇಬಲ್ ಕೋಟಿಂಗ್ ಆಗಿ ಸೇರಿಸಿ. ಬೆಳಕು ಮೈಗೆ ನೆಟ್ಟಗೆ ಬಿದ್ದಾಗಿನ ಗ್ರಾಫ್ ಮಾತ್ರ ಕೊಟ್ಟರೆ 45 ಡಿಗ್ರಿಯ ಕನ್ನಡಿಗೆ ಅದು ಕೆಲಸಕ್ಕೆ ಬಾರದು.

ಸ್ಕ್ಯಾಟರ್ ವಿಷಯ. ಪಾಲಿಶ್ ಆದ ಗಾಜಿಗೆ ಲ್ಯಾಂಬರ್ಷಿಯನ್ (ಎಲ್ಲ ಕಡೆಗೂ ಬೆಳಕು ಚೆಲ್ಲುವ ಮಾದರಿ) ಹಾಕಬೇಡಿ, ಅದು ಸುಣ್ಣದ ಗೋಡೆಯಂಥ ಮೈಗೆ. ಇಲ್ಲಿ ಬೇಕಾದ್ದು ಎಬಿಜಿ ಮಾದರಿ. ಪ್ರತಿಫಲನದ ದಿಕ್ಕಿನ ಹತ್ತಿರ ಜೋರಾಗಿದ್ದು, ದೂರ ಹೋದಂತೆ ಇಳಿಯುವ ಗೆರೆ ಅದು. ಎಷ್ಟು ಬೇಗ ಇಳಿಯುತ್ತೆ ಅನ್ನುವುದನ್ನು ಜಿ ಹೇಳುತ್ತೆ. ಒಟ್ಟು ಎಷ್ಟು ಚದುರುತ್ತೆ ಅಂತ ಅಂದಾಜಿಗೆ: 4π ಗುಣಿಸು ಒರಟುತನ, ಭಾಗಿಸು ತರಂಗಾಂತರ, ಬಂದದ್ದನ್ನು ವರ್ಗ ಮಾಡಿ. ಕನ್ನಡಿ 1 ನ್ಯಾನೊಮೀಟರ್ ಒರಟಾಗಿದ್ದರೆ 633ರಲ್ಲಿ ಶೇ 0.04. ಒರಟುತನ ಎರಡರಷ್ಟಾದರೆ ಇದು ನಾಲ್ಕರಷ್ಟು. ಅದೇ ಒರಟುತನ ಲೆನ್ಸಿನ ಮೈಯಲ್ಲಿದ್ದರೆ ಹದಿನೈದರಲ್ಲಿ ಒಂದು ಪಾಲಷ್ಟೇ. ಅಲ್ಲಿ ಒರಟುತನಕ್ಕಿಂತ ಧೂಳೇ ದೊಡ್ಡ ಕಳ್ಳ.

ಶೇ 0.04 ಏನು ಮಹಾ ಅನ್ನಬೇಡಿ. ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಕಟ್ಟಿದ, 2023ರಲ್ಲಿ ಆದಿತ್ಯ-ಎಲ್1 ಜೊತೆ ಹೋದ ಕೊರೊನಾಗ್ರಾಫ್‌ನಲ್ಲಿ (ಸೂರ್ಯನ ಸುತ್ತಲಿನ ಮಂಕು ಪ್ರಭೆ, ಅಂದರೆ ಕರೋನಾ ನೋಡುವ ಉಪಕರಣ) ಮುಖ್ಯ ಕನ್ನಡಿಯ ಮೇಲೆ ಇಡೀ ಸೂರ್ಯನ ಬೆಳಕೇ ಬೀಳುತ್ತೆ. ನೋಡಬೇಕಾದ ಕರೋನಾ ಅದರ ಹತ್ತು ಲಕ್ಷದಲ್ಲಿ ಒಂದರಷ್ಟು ಮಂಕು. ಅಲ್ಲಿ ಎಲ್ಲ ಜಗಳವೂ ಸ್ಕ್ಯಾಟರ್ ಜೊತೆಗೇ.

ಚದುರಿದ ಕಿರಣ ಡಿಟೆಕ್ಟರ್ ಮುಟ್ಟುವುದೇ ಅಪರೂಪ, ಅದಕ್ಕೇ ಚಿತ್ರ ಖಾಲಿ ಕಾಣುತ್ತೆ. ಕಿರಣಗಳನ್ನು ಕೋಟಿಗಟ್ಟಲೆ ಸುರಿಯುವ ಬದಲು ಚದುರಿದ ಕಿರಣ ಯಾವ ಕಡೆ ಹೋಗಬೇಕು ಅಂತ ಹೇಳುವ ‘ಸ್ಕ್ಯಾಟರ್ ಟು’ ಪಟ್ಟಿಯಲ್ಲಿ ಡಿಟೆಕ್ಟರ್ ಹೆಸರು ಕೊಡಿ.

ಇದೆಲ್ಲಕ್ಕೂ ಮುಂಚೆ ಹೊಸ ಫೈಲ್ ತೆರೆದು, 1 ವ್ಯಾಟ್ ಸೋರ್ಸ್, ಕೋಟಿಂಗ್ ಇಲ್ಲದ ತೆಳು ಬಿಕೆ7 ಕಿಟಕಿ, ಹಿಂದೆ ಒಂದು ಡಿಟೆಕ್ಟರ್ ಇಟ್ಟು ಓಡಿಸಿ. ಸುಮಾರು 0.92 ಬರಬೇಕು. 1.000 ಬಂದರೆ ಮೊದಲ ಟಿಕ್ ಬಾಕ್ಸಿಗೆ ವಾಪಸ್ ಹೋಗಿ. ಬೇರೆ ಏನಾದರೂ ಬಂದರೆ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ನೋಡೋಣ.