377 ಹೋಯ್ತಲ್ಲ, ಇನ್ನು ಶಾಸಕರಿಗೆ ಯಾಕೆ ಬರೆಯಬೇಕು?

ನೀವು ಕೇಳಿರುವುದು ಎರಡು ವಿಷಯ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಹೋದ ಮೇಲೂ ಎಲ್‌ಜಿಬಿಟಿ ಜನರಿಗೆ ಇನ್ಯಾವ ಕಾನೂನು ಬೇಕು? ನಮ್ಮ ಎಂಎಲ್‌ಎಗೆ ಪತ್ರ ಬರೆದರೆ ಏನಾದರೂ ಪ್ರಯೋಜನ ಇದೆಯಾ? ನಾನು ಸಲಿಂಗಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವನು. ನನ್ನ ಉತ್ತರ ಇಷ್ಟೇ: ದಯವಿಟ್ಟು ಬರೆಯಿರಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ನಾನು ಅಪರಾಧಿ ಅಲ್ಲ ಅಂತಾಯಿತು. ಪೊಲೀಸರು ಆ ಹೆಸರಿನಲ್ಲಿ ಹೆದರಿಸುವ ಹಾಗಿಲ್ಲ. ಅದು ಸಣ್ಣ ಮಾತಲ್ಲ. ಆದರೆ ಮನೆ ಓನರ್‌ಗೆ, ಕಂಪನಿ ಮ್ಯಾನೇಜರ್‌ಗೆ ಆ ತೀರ್ಪು ಏನೂ ಹೇಳುವುದಿಲ್ಲ. ಸಂವಿಧಾನದ 15ನೇ ವಿಧಿ ತಾರತಮ್ಯ ಮಾಡಬೇಡಿ ಅನ್ನುವುದು ಮುಖ್ಯವಾಗಿ ಸರ್ಕಾರಕ್ಕೆ. ಅಂಗಡಿ, ಹೋಟೆಲ್, ಬಾವಿ, ಕೆರೆ ಎಲ್ಲರಿಗೂ ತೆರೆದಿರಬೇಕು ಅಂತಲೂ ಅದರಲ್ಲಿದೆ. ಬಾಡಿಗೆ ಮನೆ, ಖಾಸಗಿ ನೌಕರಿಯ ಮಾತು ಅಲ್ಲಿಲ್ಲ.

ಇದು ನನಗೆ ಅರ್ಥವಾಗಿದ್ದು ಮನೆ ಖಾಲಿ ಮಾಡಬೇಕಾಗಿ ಬಂದಾಗ. ನಾನು, ನನ್ನ ಸಂಗಾತಿ ಇಬ್ಬರೂ ಒಂದು ಮನೆಯ ಮೊದಲನೇ ಮಹಡಿಯಲ್ಲಿದ್ದೆವು. ಕೆಳಗಡೆ ಓನರ್. ಆಂಟಿ ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು. ಯಾರೋ ಅವರ ಕಿವಿಗೆ ನಮ್ಮ ವಿಷಯ ಹಾಕಿದರು. ಆ ಭಾನುವಾರ ಅಂಕಲ್ ಮೇಲೆ ಬಂದರು, ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ‘ಮನೆ ನಮಗೇ ಬೇಕಪ್ಪ, ಈ ತಿಂಗಳಲ್ಲೇ ನೋಡ್ಕೊಳ್ಳಿ’ ಅಂದರು. ಅಡ್ವಾನ್ಸ್ ವಾಪಸ್ ಕೊಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. 11 ತಿಂಗಳ ಅಗ್ರಿಮೆಂಟ್ ಹಿಡಿದುಕೊಂಡು ಪರಿಚಯದ ವಕೀಲರ ಹತ್ತಿರ ಹೋದೆ. ಅಡ್ವಾನ್ಸ್ ವಿಷಯಕ್ಕೆ ಬೇಕಾದರೆ ಜಗಳ ಆಡಬಹುದು, ಸಲಿಂಗಿ ಅಂತ ಬಿಡಿಸಿದರು ಅನ್ನೋದನ್ನ ಯಾವ ಕಾಯ್ದೆಯಲ್ಲಿ ಹಾಕಲಿ ಅಂತ ಅವರು ನನ್ನನ್ನೇ ಕೇಳಿದರು.

ಸರ್ಕಾರ ಕೆಲಸ ಕೊಟ್ಟರೂ ಮನೆ ಸಿಗದಿದ್ದರೆ ಏನಾಗುತ್ತದೆ ಅನ್ನುವುದನ್ನು ಕೊಚ್ಚಿಯಲ್ಲಿ ನೋಡಿದ್ದೇವೆ. 2017ರಲ್ಲಿ ಅಲ್ಲಿನ ಮೆಟ್ರೋ ಟ್ರಾನ್ಸ್‌ಜೆಂಡರ್ ಜನರನ್ನು ಕೆಲಸಕ್ಕೆ ತೆಗೆದುಕೊಂಡಿತು. ದೇಶವೇ ಹೊಗಳಿತು. ಅವರಲ್ಲಿ ಹಲವರು ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟರು. ಊರಲ್ಲಿ ಅವರಿಗೆ ಬಾಡಿಗೆಗೆ ಮನೆ ಸಿಗಲಿಲ್ಲ.

ಟ್ರಾನ್ಸ್‌ಜೆಂಡರ್ ಜನರಿಗಾಗಿ 2019ರಲ್ಲಿ ಕಾಯ್ದೆ ಬಂತಲ್ಲ ಅಂತ ನೀವು ಕೇಳಬಹುದು. ಬಂತು. ಮನೆ, ಕೆಲಸ, ಶಾಲೆ, ಆಸ್ಪತ್ರೆಯಲ್ಲಿ ತಾರತಮ್ಯ ಮಾಡಬಾರದು ಅಂತ ಅದರ 3ನೇ ಸೆಕ್ಷನ್ ಹೇಳುತ್ತದೆ. ಆದರೆ ಶಿಕ್ಷೆ ಹೇಳುವ 18ನೇ ಸೆಕ್ಷನ್ನಿನಲ್ಲಿ ಮನೆ ಕೊಡದಿರುವುದು, ಕೆಲಸದಿಂದ ತೆಗೆಯುವುದು ಇಲ್ಲವೇ ಇಲ್ಲ. ಮಾಡಬೇಡಿ ಅಂತ ಹೇಳಿ ಸುಮ್ನೆ ಬಿಟ್ಟ ಹಾಗಾಯ್ತು, ಅಲ್ವಾ? ಉತ್ತರ ಪ್ರದೇಶ ಮತ್ತು ಗುಜರಾತಿನ ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಒಬ್ಬ ಟ್ರಾನ್ಸ್‌ಜೆಂಡರ್ ಟೀಚರ್ ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ತೀರ್ಪು ಬಂದಿದ್ದು 2025ರ ಅಕ್ಟೋಬರ್‌ನಲ್ಲಿ. ಎಷ್ಟು ಜನರಿಗೆ ಆ ಶಕ್ತಿ ಇರುತ್ತದೆ? ಇನ್ನು ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಜನರಿಗೆ ಆ ಕಾಯ್ದೆಯೂ ಇಲ್ಲ.

ಖಾಸಗಿಯವರನ್ನು ಕಾನೂನಿನಿಂದ ಹಿಡಿಯೋಕೆ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2017ರ ಎಚ್‌ಐವಿ ಕಾಯ್ದೆ ನೋಡಿ. ಎಚ್‌ಐವಿ ಇದೆ ಅಂತ ಯಾರೂ ಕೆಲಸದಿಂದ ತೆಗೆಯುವ ಹಾಗಿಲ್ಲ, ಬಾಡಿಗೆಗೆ ಮನೆ ಇಲ್ಲ ಅನ್ನುವ ಹಾಗಿಲ್ಲ. ದೂರು ಕೇಳಲು ರಾಜ್ಯಕ್ಕೊಬ್ಬ ಓಂಬುಡ್ಸ್‌ಮನ್ ಇರಬೇಕು, 30 ದಿನದಲ್ಲಿ ಆದೇಶ ಕೊಡಬೇಕು ಅಂತ ಅದರಲ್ಲೇ ಬರೆದಿದೆ. ನಮಗೂ ಬೇಕಾಗಿರುವುದು ಇದೇ ಥರದ್ದು. ಕೋರ್ಟು ಮೆಟ್ಟಿಲು ಹತ್ತದೆ ದೂರು ಕೊಡುವ ಒಂದು ಜಾಗ, ಒಂದು ಗಡುವು, ಮಾತು ಕೇಳದಿದ್ದರೆ ದಂಡ.

ಇದನ್ನು ಮಾಡಬೇಕಾದವರು ಶಾಸಕರು, ಸಂಸದರು. 2015ರ ಡಿಸೆಂಬರ್‌ನಲ್ಲಿ 377 ತಿದ್ದುಪಡಿಗೆ ಕಾಂಗ್ರೆಸ್ ಸಂಸದ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ, ಅಂದರೆ ಮಂತ್ರಿ ಅಲ್ಲದ ಸದಸ್ಯರು ತರುವ ಮಸೂದೆ, ತರಲು ಹೊರಟರು. ಮಂಡಿಸಲು ಕೂಡ ಬಿಡಲಿಲ್ಲ. ವಿರೋಧ 71 ಮತ, ಪರ 24. ನನಗೆ ಜಾಸ್ತಿ ಕಾಡುವುದು ಆ 71 ಅಲ್ಲ. ಐನೂರಕ್ಕೂ ಹೆಚ್ಚು ಸದಸ್ಯರ ಸದನದಲ್ಲಿ ಮತ ಹಾಕಿದವರು ನೂರು ಜನ ಕೂಡ ಇಲ್ಲ. ಉಳಿದವರಿಗೆ ನಮ್ಮ ಮೇಲೆ ದ್ವೇಷ ಇದೆ ಅಂತ ನಾನು ಅಂದುಕೊಂಡಿಲ್ಲ. ಅವರ ಕ್ಷೇತ್ರದಿಂದ ಒಬ್ಬರೂ ಕೇಳಿರಲಿಕ್ಕಿಲ್ಲ. ತಾರತಮ್ಯ ತಡೆಯಲು ತರೂರ್ 2017ರಲ್ಲಿ ಮಂಡಿಸಿದ ಇನ್ನೊಂದು ಮಸೂದೆಯೂ ಪಾಸಾಗಲಿಲ್ಲ.

ಕೇಳಿದರೆ, ಬಿಡದೆ ಬೆನ್ನುಹತ್ತಿದರೆ ಆಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಯಿತು. 2021ರಲ್ಲಿ ಸರ್ಕಾರ ನಿಯಮ ತಿದ್ದಿ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲಿ ಮೊದಲು ಮಾಡಿದ್ದು ಕರ್ನಾಟಕ.

ನಾನೂ ನಮ್ಮ ಎಂಎಲ್‌ಎ ಮನೆಗೆ ಬೆಳಗ್ಗೆ ಹೊತ್ತು ಮನವಿ ಹಿಡಿದು ಹೋಗಿದ್ದೆ. ವರ್ಗಾವಣೆ, ಮೋರಿ, ಮಗುವಿನ ಸೀಟು ಅಂತ ಬಂದವರ ನಡುವೆ ನಿಂತಿದ್ದೆ. ಪಿಎ ವಿಷಯ ಓದಿ ಒಮ್ಮೆ ನನ್ನ ಮುಖ ನೋಡಿ ಒಳಗೆ ಕಳಿಸಿದರು. ‘ಸಮಾಜ ಒಪ್ಪಲ್ಲ ಕಣಪ್ಪ’ ಅಂದರು ಶಾಸಕರು. ಸರ್, ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿ ಅಧ್ಯಕ್ಷರಾಗಿದ್ದರು, ಪದ್ಮಶ್ರೀ ತಗೊಂಡರು, ಮನೆ ಬಾಗಿಲಿಗೆ ಬಂದ ಜೋಗತಿಯ ಕಾಲಿಗೆ ಬೀಳುವ ಜನ ನಮ್ಮವರೇ ಅಲ್ವಾ ಅಂದೆ. ಅವರು ವಾದ ಮಾಡಲಿಲ್ಲ. ಮನವಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ಪತ್ರ ಒಂದೇ ಪುಟ ಇರಲಿ. ಸಮಾನತೆ ಬೇಕು ಅಂತ ಮಾತ್ರ ಬರೆದರೆ ಎಲ್ಲರೂ ಹೌದು ಅಂತಾರೆ, ಅಲ್ಲಿಗೆ ಮುಗಿಯಿತು. ಕರ್ನಾಟಕ ಬಾಡಿಗೆ ಕಾಯ್ದೆ ರಾಜ್ಯದ್ದೇ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ರಾಜ್ಯದ್ದೇ. ಲೈಂಗಿಕ ಒಲವು, ಲಿಂಗ ಗುರುತಿನ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಇವೆರಡಕ್ಕೂ ತಿದ್ದುಪಡಿ ತನ್ನಿ ಅಂತ ನೇರವಾಗಿ ಕೇಳಿ. ತಿದ್ದುಪಡಿ ಈಗಲೇ ಆಗಲ್ಲ ಅಂದರೆ, ಸರ್ಕಾರಕ್ಕೆ ಅಂಥ ಯೋಚನೆ ಇದೆಯಾ ಅಂತ ಸದನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಬಾಯಿಮಾತಿನಲ್ಲಿ ಉತ್ತರಿಸುವ ಪ್ರಶ್ನೆ, ಹಾಕಿ ಅಂತ ಕೇಳಿ. ಅದು ಅಂಗೀಕಾರವಾದರೆ ಮಂತ್ರಿ ಉತ್ತರ ಕೊಡಲೇಬೇಕು, ಕಡತದಲ್ಲಿ ಉಳಿಯುತ್ತದೆ. ಪ್ರಶ್ನೆಗೆ ಮೊದಲೇ ನೋಟಿಸ್ ಕೊಡಬೇಕಾಗುವುದರಿಂದ ಅಧಿವೇಶನಕ್ಕೆ ತಿಂಗಳ ಮುಂಚೆಯೇ ಪತ್ರ ತಲುಪಿಸಿ. ನಿಮ್ಮ ವಿಷಯ ಮನೆಯಲ್ಲಿ ಗೊತ್ತಿಲ್ಲ, ಹೆಸರು ಹಾಕಲು ಭಯ ಅಂದರೆ, ನಂಬುವ ಅಕ್ಕನೋ ಗೆಳೆಯನೋ ಸಹಿ ಹಾಕಲಿ. ಅದೇ ಕ್ಷೇತ್ರದ ಮತದಾರರಾಗಿದ್ದರೆ ಸಾಕು.